ಎಣಿಕೆಗೆ ಸಿಗದ ಸೈಕಲ್ಲು

ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ಹೊರಳಿದರೆ ಮಟ್ಟು ದೂರವೇನಲ್ಲ. ಗುಳ್ಳ ಬದನೆಗೆ ಹೆಸರಾದ ಊರು; 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಏರಿಲ್ಲದ ಇಳಿಜಾರಿಲ್ಲದ ನೆಲ. ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗ. ಉಡುಪಿ, ಮಣಿಪಾಲದ ಕಡೆಯಿಂದ ರಜೆಯ ದಿನ ಬೆಳಿಗ್ಗೆ ಹೆಲ್ಮೆಟ್ ತೊಟ್ಟ ಸವಾರರು ಗೇರ್ ಸೈಕಲ್ಲುಗಳಲ್ಲಿ ಕಡಲ ಬದಿಯ ಈ ರಸ್ತೆಯನ್ನು ಹುಡುಕಿಕೊಂಡು ಬರುವುದುಂಟು. ಅದೇ ರಸ್ತೆಯಲ್ಲಿ ಕ್ಯಾರಿಯರಿಗೆ ಚೀಲ ಕಟ್ಟಿದ ಹಳೆಯ ಕಪ್ಪು ಸೈಕಲ್ಲೂ ಸಾಗುತ್ತದೆ. ಒಬ್ಬರದು ಹವ್ಯಾಸ, ಇನ್ನೊಬ್ಬರದು ಹೊಟ್ಟೆಪಾಡು. ಆದರೆ ಹೆದ್ದಾರಿಯ ಬಾಯಿಗೆ ಬಂದು ನಿಂತ ಮೇಲೆ ಇಬ್ಬರ ಪಾಡೂ ಒಂದೇ.

ಹಿಂದೆ 17 ಎಂಬ ಸಂಖ್ಯೆಯಿದ್ದು, 2010ರ ಮರುನಾಮಕರಣದಲ್ಲಿ 66 ಆದ ಈ ಹೆದ್ದಾರಿ ನಂತರದ ವರ್ಷಗಳಲ್ಲಿ ಚತುಷ್ಪಥವಾಯಿತು. ನಡುವೆ ವಿಭಾಜಕ ಬಂತು. ಕಾರಿನವನಿಗೆ ಮುಂದಿನ ತಿರುವು ಎರಡು ನಿಮಿಷದ ಮಾತು. ಪೆಡಲು ತುಳಿಯುವವನಿಗೆ ಅದು ಹೋಗಿ ಬರುವಷ್ಟು ದೂರ. ಹಾಗಾಗಿ ಸರ್ವೀಸ್ ರಸ್ತೆ ಇಲ್ಲದ ಕಡೆ ಅವನು ಎದುರಿನಿಂದ ಬರುವ ವಾಹನಗಳಿಗೆ ಮುಖ ಕೊಟ್ಟು ಅಂಚಿನಲ್ಲೇ ಸಾಗುತ್ತಾನೆ. ತಪ್ಪು ದಾರಿಯೆಂದು ಅವನಿಗೂ ಗೊತ್ತು. ಬಿಳಿಗೆರೆಯ ಆಚೆ ಉಳಿದ ಅಂಚಿನಲ್ಲಿ ಬಸ್ಸು ನಿಲ್ಲುತ್ತದೆ, ಮರಳು ಕೂಡುತ್ತದೆ, ಮಳೆಗಾಲದಲ್ಲಿ ಕೆಸರು.

ವಿಚಿತ್ರವೆಂದರೆ ಒಳ್ಳೆಯ ರಸ್ತೆ ಬೇಕೆಂದು ಮೊದಲು ಸಂಘಟಿತವಾಗಿ ಕೇಳಿದವರಲ್ಲಿ ಸೈಕಲ್ ಸವಾರರೇ ಮುಂದಿದ್ದರು. ಇಂಗ್ಲೆಂಡಿನಲ್ಲಿ 1878ರಲ್ಲೂ ಅಮೆರಿಕದಲ್ಲಿ 1880ರಲ್ಲೂ ಅವರ ಸಂಘಗಳು ಹುಟ್ಟಿದವು. 1886ರಲ್ಲಿ ಇಂಗ್ಲೆಂಡಿನ ಸೈಕಲ್ ಸಂಘಗಳು ರಸ್ತೆ ಸುಧಾರಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿದವು. ಡನ್‌ಲಪ್ಪನ ಗಾಳಿ ತುಂಬಿದ ಟಯರು ಬಂದದ್ದೇ 1888ರಲ್ಲಿ. ಕಾರುಗಳು ರಸ್ತೆ ತುಂಬುವುದಕ್ಕೆ ಇನ್ನೂ ಎಷ್ಟೋ ವರ್ಷಗಳಿದ್ದವು. ನಯವಾದ ರಸ್ತೆ ಸಿದ್ಧವಾಯಿತು, ಮೋಟಾರು ಬಂದು ಅದರ ಮೇಲೆ ಕುಳಿತಿತು.

ನಮ್ಮ ಕಡೆ ಸೈಕಲ್ಲು ಸರ್ಕಾರದ ಕಣ್ಣಿಗೆ ಬಿದ್ದದ್ದು ಕರ ಕಟ್ಟುವ ವಾಹನವಾಗಿ. ಸ್ಥಳೀಯ ಸಂಸ್ಥೆಗಳು ಸೈಕಲ್ಲಿಗೆ ಲೈಸನ್ಸ್ ಬಿಲ್ಲೆ ಕೊಟ್ಟು ಹಣ ಪಡೆಯುತ್ತಿದ್ದುದು, ರಾತ್ರಿ ದೀಪವಿಲ್ಲದೆ ಹೊರಟವನನ್ನೂ ಇಬ್ಬರನ್ನು ಕೂರಿಸಿಕೊಂಡವನನ್ನೂ ಪೊಲೀಸರು ತಡೆಯುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಬಿಲ್ಲೆಯ ಹಣ ಕೊಟ್ಟದ್ದಕ್ಕೆ ರಸ್ತೆಯಲ್ಲಿ ಒಂದು ಗೇಣು ಜಾಗ ಸಿಕ್ಕಿತೇ ಎಂದು ಯಾರೂ ಕೇಳಿದಂತಿಲ್ಲ. ಕೇಳುವ ಅಗತ್ಯವೂ ಇರಲಿಲ್ಲವೆನ್ನಿ, ರಸ್ತೆಯಲ್ಲಿ ಇದ್ದದ್ದೇ ಸೈಕಲ್ಲು. ಗಂಟೆಯ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿ ಪೇಟೆ ಪೇಟೆಯಲ್ಲಿತ್ತು. ಕರಾವಳಿಯ ಒಳನಾಡಿಗೆ ಮೀನು ತಲುಪುತ್ತಿದ್ದುದೂ ಸೈಕಲ್ಲಿನಲ್ಲೇ; ಹಿಂದೆ ಪೆಟ್ಟಿಗೆ, ಹ್ಯಾಂಡಲ್ಲಿಗೆ ರಬ್ಬರು ಗುಂಡಿನ ಹಾರ್ನು. ಆ ಸದ್ದು ಕೇಳಿದರೆ ಮನೆಯ ಬೆಕ್ಕೂ ಗೇಟಿನ ಬಳಿ ಹಾಜರು. ಮುಂದೆ ಮೀನಿನವರು ಮೊಪೆಡ್ಡು, ಎಂ-80ಗಳಿಗೆ ಬದಲಾದರು. ಹಾರ್ನು ಮಾತ್ರ ಉಳಿಯಿತು.

ಸೈಕಲ್ಲಿಗೆ ಬೇರೆ ದಾರಿ ಬೇಕೇ ಬೇಡವೇ ಎಂಬುದಕ್ಕೆ ದೇಶದಲ್ಲಿ ಲಿಖಿತ ಮಾನದಂಡವೇ ಇಲ್ಲವೆಂದು ತಿಳಿಯಬಾರದು. ರಸ್ತೆ ನಿರ್ಮಾಣದ ನಿಯಮಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳಿಗೆ ಪ್ರತ್ಯೇಕ ಸಂಹಿತೆಯೊಂದನ್ನು ಹೊರಡಿಸಿತು. ಗಂಟೆಗೆ 100ರಿಂದ 200 ಮೋಟಾರು ವಾಹನಗಳು ಓಡುವ ರಸ್ತೆಯಲ್ಲಿ, ದಟ್ಟಣೆಯ ವೇಳೆ ಗಂಟೆಗೆ 400 ಸೈಕಲ್ಲುಗಳು ಕಂಡರೆ ಪ್ರತ್ಯೇಕ ಪಥ ಕೊಡಬಹುದು. ವಾಹನಗಳು 200ನ್ನು ಮೀರಿದರೆ 100 ಸೈಕಲ್ಲು ಇದ್ದರೂ ಸಾಕು. ಓದುವುದಕ್ಕೆ ನ್ಯಾಯವಾಗಿಯೇ ಇದೆ. ಹೆಚ್ಚು ಸೈಕಲ್ಲು ಓಡಾಡುತ್ತಿದ್ದ ಕಾಲದಲ್ಲಿ ಬರೆದ ನಿಯಮ ಅದು. ಆದರೆ ವಾಹನಗಳ ಭರಾಟೆಗೆ ಹೆದರಿ ಸವಾರರು ರಸ್ತೆ ಬಿಟ್ಟ ಮೇಲೆ ಎಣಿಸಲು ನಿಂತರೆ ಸಿಗುವುದೇನು? ಕಡವಿನ ದೋಣಿಯನ್ನು ನಿಲ್ಲಿಸಿ, ಹೊಳೆ ದಾಟುವವರೇ ಇಲ್ಲವೆಂದು ವರದಿ ಬರೆದ ಹಾಗೆ. ರಸ್ತೆ ಅಪಾಯಕಾರಿಯಾದಷ್ಟೂ ಎಣಿಕೆ ಇಳಿಯುತ್ತದೆ. ಎಣಿಕೆ ಇಳಿದಷ್ಟೂ ಪಥದ ಬೇಡಿಕೆ ದುರ್ಬಲವಾಗುತ್ತದೆ. ಸಂಹಿತೆಯನ್ನು 2015ರಲ್ಲಿ ಪರಿಷ್ಕರಿಸಲಾಯಿತು. ಲೆಕ್ಕ ಕೇಳುವ ಅಭ್ಯಾಸ ಅಷ್ಟು ಸುಲಭವಾಗಿ ಹೋಗುವಂಥದಲ್ಲ.

ಹಾಲೆಂಡಿನವರು ಬೇರೊಂದು ಲೆಕ್ಕ ಮುಂದಿಟ್ಟರು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು. 1973ರ ತೈಲ ಬಿಕ್ಕಟ್ಟು ಅದಕ್ಕೆ ಒದಗಿಬಂತು. ಇಂದು ಪ್ರವಾಸಿಗರು ಬೆರಗಿನಿಂದ ಚಿತ್ರ ತೆಗೆಯುವ ಅಲ್ಲಿನ ಸೈಕಲ್ ಪಥಗಳಲ್ಲಿ ಬಹುಪಾಲು ಆ ಜಗಳದ ನಂತರದವು. ಎಷ್ಟು ಜನ ತುಳಿಯುತ್ತಾರೆ ಎಂದಲ್ಲ, ಎಷ್ಟು ಜನ ಸಾಯುತ್ತಾರೆ ಎಂದು ಅವರು ಎಣಿಸಿದ್ದರು.

ಕರ್ನಾಟಕದಲ್ಲಿ ಸೈಕಲ್ಲಿನ ಪರವಾದ ದನಿ ಗಟ್ಟಿಯಾಗಿ ಕೇಳಿದ್ದು ಬೆಂಗಳೂರಿನಲ್ಲಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳಿಗಲ್ಲ, ಜನರಿಗೆ ರಸ್ತೆ ಎಂದಿತು. ಮರುವರ್ಷ ರಾಜ್ಯದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಹುಟ್ಟಿತು. ಸವಾರರ ಗುಂಪುಗಳು ಅದರ ಬಾಗಿಲು ತಟ್ಟಿದವು. 2012ರಲ್ಲಿ ಜಯನಗರದ ಬೀದಿಗಳಲ್ಲಿ ಸೈಕಲ್ಲಿಗೆಂದು ಪಥ ಗುರುತಿಸಲಾಯಿತು. ಬಣ್ಣ ಹಳತಾಗುವ ಮೊದಲೇ ಅವುಗಳ ಮೇಲೆ ಕಾರುಗಳು ನಿಂತವು. ಬಣ್ಣ ಬಳಿದವರು ಒಬ್ಬರು, ಪಾರ್ಕಿಂಗ್ ತಡೆಯಬೇಕಾದವರು ಇನ್ನೊಬ್ಬರು. ನಮ್ಮ ಊರುಗಳಲ್ಲಿ ಎಷ್ಟೋ ಯೋಜನೆಗಳು ಸಾಯುವುದು ಈ ಎರಡು ಇಲಾಖೆಗಳ ನಡುವಿನ ಸಂದಿಯಲ್ಲೇ. 2013ರ ಅಕ್ಟೋಬರಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ‘ಸೈಕಲ್ ದಿನ’ ಆರಂಭವಾಗಿ ಬಡಾವಣೆಗಳಿಗೂ ಹಬ್ಬಿತು. ಕೆಲವು ಗಂಟೆ ಬೀದಿ ಮಕ್ಕಳ ಪಾಲಾಗುತ್ತಿತ್ತು. ಸೋಮವಾರ ಮತ್ತೆ ಎಂದಿನಂತೆ.

ಎಣಿಕೆಯ ತೊಡಕನ್ನು ನೇರವಾಗಿ ಕೈಗೆತ್ತಿಕೊಂಡವರಲ್ಲಿ ಸತ್ಯ ಶಂಕರನ್ ಒಬ್ಬರು. 2018ರಲ್ಲಿ ಆಮ್‌ಸ್ಟರ್‌ಡಾಮಿನ ಸಂಸ್ಥೆಯೊಂದು ಅವರನ್ನು ಬೆಂಗಳೂರಿನ ‘ಸೈಕಲ್ ಮೇಯರ್’ ಎಂದು ಹೆಸರಿಸಿತು. ಅಧಿಕಾರವಿಲ್ಲದ ಮೇಯರಿಕೆ, ಕೆಂಪು ದೀಪದ ಕಾರೂ ಇಲ್ಲ. ‘ಸೈಕಲ್ ಟು ವರ್ಕ್’ ಎಂಬ ಅಭಿಯಾನದಲ್ಲಿ ಕಚೇರಿಗೆ ಸೈಕಲ್ಲಿನಲ್ಲಿ ಹೋಗುವವರ ಪ್ರಯಾಣ ಮೊಬೈಲಿನಲ್ಲಿ ದಾಖಲಾಗುವಂತೆ ಮಾಡಲಾಯಿತು. ಕಂಪೆನಿಗಳು ಒಂದರೊಡನೊಂದು ಸ್ಪರ್ಧೆಗೆ ಬಿದ್ದವು. ಸವಾರರೇ ಇಲ್ಲ ಎನ್ನುತ್ತಿದ್ದವರ ಮುಂದೆ ಹಿಡಿಯಲು ಒಂದು ಅಂಕಿ ಸಿಕ್ಕಿತು. 2020ರಲ್ಲಿ, ಕೊರೊನಾ ಕಾಲದಲ್ಲಿ, ಹೊರ ವರ್ತುಲ ರಸ್ತೆಯಲ್ಲಿ 17 ಕಿಲೋಮೀಟರ್ ತಾತ್ಕಾಲಿಕ ಸೈಕಲ್ ಪಥದ ಯೋಜನೆಗೆ ಕೈಹಾಕಲಾಯಿತು. ಗೂಟ ನೆಟ್ಟು ದಾರಿ ಬೇರ್ಪಡಿಸಲಾಯಿತು. ಗೂಟಗಳು ಮುರಿದವು, ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂತು. ಪಥ ಉಳಿಯಲಿಲ್ಲ. ಅತ್ತ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಡನೆ ‘ಟ್ರಿಣ್ ಟ್ರಿಣ್’ ಬಾಡಿಗೆ ವ್ಯವಸ್ಥೆ ಶುರುವಾಗಿ ದೇಶದ ಗಮನ ಸೆಳೆದದ್ದೂ ಇದೇ ದಶಕದಲ್ಲಿ.

ಮೊಬೈಲಿನ ಎಣಿಕೆಗೂ ಒಂದು ಮಿತಿಯಿದೆ. ಕಂಪೆನಿಯ ಉದ್ಯೋಗಿ ಅದರಲ್ಲಿ ಸಿಗುತ್ತಾನೆ. ಅದೇ ಕಂಪೆನಿಯ ಗೇಟಿನ ಕಾವಲುಗಾರ ಸೈಕಲ್ಲಿನಲ್ಲೇ ಬಂದರೂ ಸಿಗುವುದು ಕಷ್ಟ. ಅವನು ಸಿಕ್ಕಿದ್ದು ಜನಗಣತಿಯಲ್ಲಿ. 2011ರ ಗಣತಿಯ ಪ್ರಕಾರ ದೇಶದ ಶೇ. 44.8ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಕಾರು, ಜೀಪು, ವ್ಯಾನು ಸೇರಿ ಇದ್ದದ್ದು ಶೇ. 4.7ರಷ್ಟು ಮನೆಗಳಲ್ಲಿ. ಸುಮಾರು 2.6 ಕೋಟಿ ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಇವರ ಪರವಾಗಿ ಮನವಿ ಪತ್ರ ಹಿಡಿದು ಹೋದವರು ಕಡಿಮೆ. ಸಂಘ ಕಟ್ಟಲು ಅವರಿಗೆ ಬಿಡುವಾದರೂ ಎಲ್ಲಿ?

ಇನ್ನು ಮಕ್ಕಳು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡತೊಡಗಿತು. ಸರ್ಕಾರಿ, ಅನುದಾನಿತ ಶಾಲೆಗಳ ಲಕ್ಷಾಂತರ ಹುಡುಗಿಯರು, ಹುಡುಗರು ಚಕ್ರವೇರಿದರು. ಕೊರೊನಾ ಬಂದ ಮೇಲೆ ಯೋಜನೆ ನಿಂತುಹೋಯಿತು. ಇಷ್ಟು ಸೈಕಲ್ಲು ಹಂಚಿದ ಸರ್ಕಾರ, ಅವು ಓಡಬೇಕಾದ ದಾರಿಯ ಯೋಜನೆಯನ್ನು ಅದರ ಜತೆಗೆ ತರಲಿಲ್ಲ. ಸೈಕಲ್ಲು ಶಿಕ್ಷಣ ಇಲಾಖೆಯದು, ರಸ್ತೆ ಇನ್ನೊಬ್ಬರದು.

ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕನ್ನು ಕಾನೂನಿನಲ್ಲೇ ಬರೆಯುವ ಮಸೂದೆಯ ಕರಡೊಂದನ್ನು ನಗರ ಭೂಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿತ್ತು. 2024 ಮುಗಿಯುವಾಗಲೂ ಅದು ಕರಡಾಗಿಯೇ ಇತ್ತು. ಅದು ಕಾಯ್ದೆಯಾದರೂ ಕಟಪಾಡಿಯಂಥ ಹೆದ್ದಾರಿ ಪೇಟೆಯಲ್ಲಿ ಯಾರೋ ಒಬ್ಬರು ಪುಸ್ತಕ ಹಿಡಿದು ಎಣಿಸಲು ನಿಲ್ಲಬೇಕಾದೀತು. ನಿಲ್ಲುವುದು ದಟ್ಟಣೆಯ ವೇಳೆಯಲ್ಲಿ, ಅಂದರೆ ಕಚೇರಿಗಳು ತೆರೆಯುವ ಹೊತ್ತಿಗೆ. ಪೇಪರು ಹಾಕುವ ಹುಡುಗ ಅಷ್ಟರಲ್ಲಿ ಮನೆ ಸೇರಿರುತ್ತಾನೆ.