ಚಿಗರಿ ಓಡಿತು, ಮೊರಬದ ಬಸ್ಸು?

ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಸುಮಾರು 22 ಕಿ.ಮೀ. ಮಾರ್ಗ, ಅದರ ಬಹುಪಾಲು ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲು. ‘ಚಿಗರಿ’ ಬಸ್ಸುಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಿದವು. ಅಧಿಕೃತ ಉದ್ಘಾಟನೆ 2020ರ ಫೆಬ್ರವರಿಯಲ್ಲಿ. ಪಕ್ಕದಲ್ಲಿ ಕಾರು, ಲಾರಿ ಸಾಲುಗಟ್ಟಿ ನಿಂತರೂ ಮೀಸಲು ದಾರಿಯಲ್ಲಿ ಚಿಗರಿ ಮುಂದೆ ಹೋಗುತ್ತೆ.

ಆದರೆ ಈ ದಾರಿ ಅವಳಿ ನಗರದೊಳಗೇ ಮುಗಿಯುತ್ತದೆ. ನವಲಗುಂದ ತಾಲೂಕಿನ ಮೊರಬದಿಂದ ಕಾಲೇಜಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಬರೋರಿಗೆ ಮೊದಲು ಊರಿನ ಬಸ್ಸು ಸಿಗಬೇಕು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಮಹಿಳೆಯರಿಗೆ ಪ್ರಯಾಣ ಉಚಿತ ಮಾಡಿದೆ. ಬಸ್ಸೇ ಬರದಿದ್ದರೆ ಉಚಿತ ಟಿಕೆಟ್ ಇದ್ದೇನು ಫಲ? ಬಸ್ಸು ತಪ್ಪಿದವರು ಬೈಕ್ ಹತ್ತುತ್ತಾರೆ; ಹೆದ್ದಾರಿಯ ದಟ್ಟಣೆ ಬೆಳೆಯೋದು ಹೀಗೆ. ರಸ್ತೆ ಅಗಲೀಕರಣದ ಮಾತು ಬಂದಾಗ, ಬೆಳಗ್ಗೆ ಹಳ್ಳಿಗೆ ಎಷ್ಟು ಬಸ್ಸು ಅಂತಾನೂ ಕೇಳಿ.