ಜ್ವರದ ಫಿಟ್ಸು: ದೂರು ಯಾರ ಮೇಲೆ?

ಎಳೆಯ ಮಗುವಿಗೆ ಜ್ವರ ಏರಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಅದುರತೊಡಗಿದರೆ ನಮ್ಮ ಹಿರಿಯರು ಬಾಲಗ್ರಹವೆನ್ನುತ್ತಿದ್ದರು. ಮಾತು ಬಹಳ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮಕ್ಕಳನ್ನು ಪೀಡಿಸುವ ಒಂಬತ್ತು ಗ್ರಹಗಳ ವರ್ಣನೆಯಿದೆ, ಸ್ಕಂದಾಪಸ್ಮಾರ ಅವುಗಳಲ್ಲೊಂದು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥವಾದರೋ, ಅಪಸ್ಮಾರ ದೇವರ ಕೋಪವಲ್ಲ, ಮಿದುಳಿನ ರೋಗ, ವಂಶದಲ್ಲಿ ಇಳಿದುಬರುವಂಥದು ಎಂದು ಸುಮಾರು 2400 ವರ್ಷಗಳ ಹಿಂದೆಯೇ ವಾದಿಸಿತ್ತು.

ಆ ವಂಶದ ಮಾತಿಗೆ ಪುರಾವೆ ದೊರೆಯುವ ಮೊದಲು ದೂರು ಬಿದ್ದದ್ದು ಚುಚ್ಚುಮದ್ದಿನ ಮೇಲೆ. 1974ರಲ್ಲಿ ಲಂಡನ್ನಿನ ವೈದ್ಯರು, ಟ್ರಿಪಲ್ ಚುಚ್ಚುಮದ್ದಿನ ನಂತರ ಫಿಟ್ಸು ಮೊದಲಾದ ತೊಂದರೆ ಕಂಡ 36 ಮಕ್ಕಳ ವರದಿ ಪ್ರಕಟಿಸಿದರು. ಪತ್ರಿಕೆಗಳು, ಟೆಲಿವಿಷನ್ ಅದನ್ನೆತ್ತಿಕೊಂಡವು. ಹೆದರಿದ ತಾಯಂದಿರನ್ನು ದೂರುವಂತಿಲ್ಲ. ಬ್ರಿಟನ್ನಿನಲ್ಲಿ ನಾಯಿಕೆಮ್ಮಿನ ಲಸಿಕೆ ಪಡೆಯುವ ಮಕ್ಕಳು ನೂರಕ್ಕೆ ಎಂಬತ್ತರಷ್ಟಿದ್ದದ್ದು ಮೂವತ್ತರ ಆಸುಪಾಸಿಗೆ ಕುಸಿಯಿತು. 1977ರಿಂದ 1979ರವರೆಗೆ ರೋಗ ಮತ್ತೆ ಹಬ್ಬಿತು. ಲಕ್ಷದಷ್ಟು ಜನ ನರಳಿದರು, ಮಕ್ಕಳು ಸತ್ತರು.

1997ರಲ್ಲಿ ಮೆಲ್ಬರ್ನಿನ ಇನ್‌ಗ್ರಿಡ್ ಷೆಫರ್ ಮತ್ತು ಸ್ಯಾಮ್ಯುಯೆಲ್ ಬರ್ಕೊವಿಕ್, ತಲೆಮಾರುಗಳಿಂದ ಫಿಟ್ಸಿದ್ದ ಕುಟುಂಬವೊಂದರ ವಂಶವೃಕ್ಷ ಬಿಡಿಸಿ ನೋಡಿದರು. ಕೆಲವರಿಗೆ ಬಾಲ್ಯದ ಜ್ವರದಲ್ಲಿ ಮಾತ್ರ, ಕೆಲವರಿಗೆ ಆರು ವರ್ಷ ದಾಟಿದರೂ ನಿಲ್ಲದು. ಮರುವರ್ಷ ಅಂಥ ಕುಟುಂಬದಲ್ಲಿ ಎಸ್‌ಸಿಎನ್1ಬಿ ಎಂಬ ಜೀನಿನ ದೋಷ ಸಿಕ್ಕಿತು, 2000ದಲ್ಲಿ ಬೇರೆ ಕುಟುಂಬಗಳಲ್ಲಿ ಎಸ್‌ಸಿಎನ್1ಎ. ಎರಡೂ ನರಕೋಶದೊಳಕ್ಕೆ ಸೋಡಿಯಂ ಹೋಗುವ ಬಾಗಿಲಿಗೆ ಸಂಬಂಧಪಟ್ಟವು. ಬಾಗಿಲು ಸರಿಯಾಗಿ ಕೆಲಸ ಮಾಡದಿದ್ದರೆ ಮಿದುಳಿನ ಹತೋಟಿ ತಪ್ಪುತ್ತದೆ. 2001ರಲ್ಲಿ ಬೆಲ್ಜಿಯಂನವರು ಡ್ರಾವೆ ಎಂಬ ತೀವ್ರ ಬಗೆಯ ರೋಗದ ಏಳು ಮಕ್ಕಳನ್ನು ಪರೀಕ್ಷಿಸಿದರು. ಏಳರಲ್ಲೂ ಎರಡನೆಯ ಜೀನಿನ ದೋಷವಿತ್ತು, ತಂದೆತಾಯಿಯರಲ್ಲಿ ಇರಲಿಲ್ಲ! ಅದು ಮಗುವಿನಲ್ಲೇ ಹೊಸದಾಗಿ ಮೂಡಿದ್ದು. ಸೊಸೆಯ ತವರನ್ನು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.

2006ರಲ್ಲಿ ಬರ್ಕೊವಿಕ್ ತಂಡ, ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ನಂಬಲಾಗಿದ್ದ 14 ಮಂದಿಯ ರಕ್ತ ಪರೀಕ್ಷಿಸಿತು. 11 ಮಂದಿಯಲ್ಲಿ ಅದೇ ಎಸ್‌ಸಿಎನ್1ಎ ದೋಷ. ಚುಚ್ಚುಮದ್ದಿನ ಜ್ವರ ಮೊದಲ ಫಿಟ್ಸನ್ನು ತುಸು ಬೇಗ ಕರೆದಿರಬಹುದು. ರೋಗದ ಬೇರು ಮೊದಲೇ ಇತ್ತು.

ಇವೆಲ್ಲ ವಿರಳ ಸಂಗತಿಗಳು. ಆರು ತಿಂಗಳಿನಿಂದ ಐದು ವರ್ಷದೊಳಗೆ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಬರುವ ಸಾಮಾನ್ಯ ಫಿಟ್ಸಿನಲ್ಲಿ ಒಂದೇ ಜೀನನ್ನು ಹಿಡಿದು ತೋರಿಸುವಂತಿಲ್ಲ. ಹಲವು ಸೇರಿ ಅಷ್ಟಷ್ಟು ಒಲವು ಕೊಡುತ್ತವೆ. 1976ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಎಲೆನ್‌ಬರ್ಗ್ ಅಂಥ 1,706 ಮಕ್ಕಳ ಫಲಿತಾಂಶ ಪ್ರಕಟಿಸಿದರು. ಏಳನೆಯ ವಯಸ್ಸಿಗೆ ನೂರಕ್ಕೆ 98 ಮಕ್ಕಳಿಗೆ ಅಪಸ್ಮಾರವಿರಲಿಲ್ಲ. ಆದರೂ ವೈದ್ಯರು, ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗಾಗಿತ್ತೇ ಎಂದು ತಪ್ಪದೆ ಕೇಳುತ್ತಾರೆ. ಪರವೂರಿನಲ್ಲಿರುವ ನಾವು ಉತ್ತರಕ್ಕೆ ಊರಿನ ಅಜ್ಜಿಗೇ ಫೋನು ಮಾಡಬೇಕು.