ಜಿಎಸ್-1750: ಪಾಠ ಕಟ್ಟುವ ಕೆಲಸ ಸರ್ಕಾರಿ ಹುದ್ದೆಯಾದ ಬಗೆ

ಅಮೆರಿಕದ ಫೆಡರಲ್ ಸರ್ಕಾರದಲ್ಲಿ ಪ್ರತಿಯೊಂದು ಬಗೆಯ ಕೆಲಸಕ್ಕೂ ಒಂದು ಸಂಖ್ಯೆ ಇದೆ. ಶಿಕ್ಷಣಕ್ಕೆ ಸೇರಿದ ಹುದ್ದೆಗಳದು 1700ರ ಗುಂಪು. ಅದರೊಳಗೆ 1750 ಎಂದರೆ ಇನ್‌ಸ್ಟ್ರಕ್ಷನಲ್ ಸಿಸ್ಟಮ್ಸ್, ಅಂದರೆ ಬೋಧನಾ ವ್ಯವಸ್ಥೆಗಳ ವಿನ್ಯಾಸ. ಈ ಹುದ್ದೆಯವರ ಮುಖ್ಯ ಕೆಲಸ ತರಗತಿಯಲ್ಲಿ ನಿಂತು ಪಾಠ ಹೇಳುವುದಲ್ಲ. ರೇಡಾರ್ ರಿಪೇರಿಯನ್ನೋ ತೆರಿಗೆ ಲೆಕ್ಕದ ತಪಾಸಣೆಯನ್ನೋ ಕಲಿಸಬೇಕಾಗಿ ಬಂದಾಗ ಏನನ್ನು, ಯಾವ ಕ್ರಮದಲ್ಲಿ, ಯಾವ ಸಾಧನದಿಂದ ಕಲಿಸಬೇಕು, ಕಲಿತದ್ದನ್ನು ಹೇಗೆ ಅಳೆಯಬೇಕು ಎಂದು ಗೊತ್ತುಮಾಡುವುದು. ಇವರಿಗೆ ಹೆಚ್ಚಾಗಿ ಕೆಲಸ ಕೊಡುವುದು ಸೇನಾ ಇಲಾಖೆಗಳು. ಅರ್ಹತೆಯ ಷರತ್ತು ಮೇಲ್ನೋಟಕ್ಕೆ ವಿಚಿತ್ರವಾಗಿದೆ: ಒಂದು ಪದವಿ, ಅದರಲ್ಲಿ ಅಥವಾ ಅದರ ಜೊತೆಗೆ 24 ಸೆಮಿಸ್ಟರ್ ಕ್ರೆಡಿಟ್‌ಗಳು, ಅವೂ ಗೊತ್ತುಪಡಿಸಿದ ಐದು ವಿಷಯಗಳಲ್ಲಿ ಕನಿಷ್ಠ ನಾಲ್ಕನ್ನು ಒಳಗೊಂಡಿರಬೇಕು. ಈ ಷರತ್ತಿನಲ್ಲಿ ಎರಡು ಇತಿಹಾಸಗಳು ಕೂಡಿವೆ. ಒಂದು ಸರ್ಕಾರಿ ನೇಮಕಾತಿಯದು, ಇನ್ನೊಂದು ಸೈನಿಕ ತರಬೇತಿಯದು.

ನೇಮಕಾತಿಯ ಕಥೆ ಹಳೆಯದು. 1829ರಲ್ಲಿ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷನಾದ ಮೇಲೆ, ಗೆದ್ದ ಪಕ್ಷ ತನ್ನ ಬೆಂಬಲಿಗರಿಗೆ ಸರ್ಕಾರಿ ಕೆಲಸ ಹಂಚುವ ಪದ್ಧತಿ ಬೇರೂರಿತು. ಸರ್ಕಾರಿ ಕೆಲಸ ಸಾಮಾನ್ಯ ಬುದ್ಧಿಯ ಯಾರಿಗಾದರೂ ಆಗುವಂಥದು ಎಂಬುದು ಅದರ ಸಮರ್ಥನೆ. 1881ರ ಜುಲೈಯಲ್ಲಿ ಚಾರ್ಲ್ಸ್ ಗಿಟೋ ಎಂಬ, ಹುದ್ದೆ ಕೇಳಿ ಸಿಗದೆ ಕೆರಳಿದ್ದ ಮನುಷ್ಯ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ಹೊಡೆದ. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ವಶೀಲಿಯ ಪದ್ಧತಿಯ ವಿರುದ್ಧ ಆಗಲೇ ಇದ್ದ ಅಸಮಾಧಾನಕ್ಕೆ ಈ ಕೊಲೆ ಬಲ ಕೊಟ್ಟಿತು. 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯಿದೆ ಬಂತು, ಪರೀಕ್ಷೆಯ ಮೂಲಕ ನೇಮಕಾತಿ ಶುರುವಾಯಿತು. ಮೊದಲಿಗೆ ಅದರ ವ್ಯಾಪ್ತಿಗೆ ಬಂದದ್ದು ಸುಮಾರು ಹತ್ತನೇ ಒಂದು ಭಾಗದಷ್ಟು ಹುದ್ದೆಗಳು ಮಾತ್ರ. ಪರೀಕ್ಷೆ ಪುಸ್ತಕ ಪಾಂಡಿತ್ಯದ್ದಾಗಿರದೆ ಮಾಡಬೇಕಾದ ಕೆಲಸಕ್ಕೆ ಹೊಂದುವಂತಿರಬೇಕು ಎಂದು ಕಾಯಿದೆಯೇ ಹೇಳಿತು. ಜಾಕ್ಸನ್ ಕಾಲದ ಪಕ್ಷಪಾತ ಹೋದರೂ ಅವನ ಕಾಲದ ಧೋರಣೆ ಉಳಿಯಿತು ಎನ್ನಬೇಕು.

ಎರಡನೇ ಮಹಾಯುದ್ಧ ಆ ಧೋರಣೆಗೆ ಕಾನೂನಿನ ಕಟ್ಟು ಹಾಕಿತು. ಓದು ಬಿಟ್ಟು ಯುದ್ಧಕ್ಕೆ ಹೋದವರು ಹಿಂತಿರುಗಿದಾಗ ಪದವಿ ಇಲ್ಲವೆಂದು ಅವರನ್ನು ಬಾಗಿಲಲ್ಲೇ ತಡೆಯುವಂತಿರಲಿಲ್ಲ. 1944ರ ಮಾಜಿ ಸೈನಿಕರ ಆದ್ಯತಾ ಕಾಯಿದೆ, ಸ್ಪರ್ಧಾತ್ಮಕ ನೇಮಕಾತಿಯಲ್ಲಿ ಕನಿಷ್ಠ ವಿದ್ಯಾರ್ಹತೆ ವಿಧಿಸುವುದನ್ನೇ ನಿಷೇಧಿಸಿತು. ವಿನಾಯಿತಿ ಇದ್ದದ್ದು ವೈಜ್ಞಾನಿಕ, ತಾಂತ್ರಿಕ ಮತ್ತು ವೃತ್ತಿಪರ ಹುದ್ದೆಗಳಿಗೆ, ಅದೂ ಆ ಓದಿಲ್ಲದೆ ಕೆಲಸ ಮಾಡಲಾಗದು ಎಂದಾದರೆ ಮಾತ್ರ. ಈ ನಿಯಮ ಇಂದಿಗೂ ಜಾರಿಯಲ್ಲಿದೆ. 1949ರ ವರ್ಗೀಕರಣ ಕಾಯಿದೆ ಜನರಲ್ ಷೆಡ್ಯೂಲ್ ಎಂಬ ವೇತನ ಶ್ರೇಣಿಯನ್ನು ತಂದಿತು. ಹುದ್ದೆಯ ಸಂಖ್ಯೆಯ ಮುಂದಿನ ‘ಜಿಎಸ್’ ಅದರ ಗುರುತು. ಹೀಗಾಗಿ, ಯಾವುದಾದರೂ ಸರ್ಕಾರಿ ಹುದ್ದೆಗೆ ಇಂತಿಷ್ಟು ಕ್ರೆಡಿಟ್ ಕಡ್ಡಾಯ ಎಂದಿದ್ದರೆ, ಆ ಕೆಲಸ ವಕೀಲಿ, ವೈದ್ಯಕೀಯಗಳ ಸಾಲಿನದು ಎಂದು ಸರ್ಕಾರ ಒಪ್ಪಿದೆ ಎಂದೇ ಅರ್ಥ. ಪಾಠ ಕಟ್ಟುವ ಕೆಲಸಕ್ಕೆ ಆ ಮಾನ್ಯತೆ ಸಿಗುವುದಕ್ಕೆ ದಶಕಗಳೇ ಹಿಡಿದವು.

ಅದರ ಬೇರು ಕಾರ್ಖಾನೆಗಳಲ್ಲಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಹಡಗುಕಟ್ಟೆಗಳಿಗೆ ಒಮ್ಮೆಲೇ ಸಾವಿರಾರು ಹೊಸ ಕೆಲಸಗಾರರು ಬೇಕಾದಾಗ ಚಾರ್ಲ್ಸ್ ಆಲೆನ್ ನಾಲ್ಕು ಹಂತಗಳ ಬೋಧನಾಕ್ರಮವೊಂದನ್ನು ರೂಪಿಸಿದ. ಎರಡನೇ ಯುದ್ಧದಲ್ಲಿ ಅದನ್ನೇ ತಿದ್ದಿಕೊಂಡು ಸರ್ಕಾರ ಟಿಡಬ್ಲ್ಯುಐ, ಅಂದರೆ ಕೈಗಾರಿಕೆಯೊಳಗಿನ ತರಬೇತಿ ಎಂಬ ಕಾರ್ಯಕ್ರಮ ನಡೆಸಿತು. 1940ರಿಂದ 1945ರವರೆಗೆ 16 ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರು ಅದರಲ್ಲಿ ತರಬೇತಿ ಪಡೆದರು. ಅದರ ಮೊದಲ ಪಾಠಕ್ಕೆ ಬೇಕಾಗಿದ್ದದ್ದು ಒಂದು ತುಂಡು ವಿದ್ಯುತ್ ತಂತಿ. ತಂತಿಯ ಎರಡು ಎಳೆಗಳನ್ನು ಬಿಡಿಸಿ ಹಾಕುವ ಒಂದು ಬಗೆಯ ಗಂಟನ್ನು ತರಬೇತುದಾರ ಮೊದಲು ಬರೀ ಬಾಯಲ್ಲಿ ವಿವರಿಸುತ್ತಿದ್ದ. ಕೇಳಿದವನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಆಮೇಲೆ ಮಾತಿಲ್ಲದೆ ಮಾಡಿ ತೋರಿಸುತ್ತಿದ್ದ, ಆಗಲೂ ಬರುತ್ತಿರಲಿಲ್ಲ. ಮೂರನೆಯ ಸಲ ಕೆಲಸವನ್ನು ಬಿಡಿಬಿಡಿಯಾಗಿ ಒಡೆದು, ಪ್ರತಿ ತುಣುಕಿನಲ್ಲೂ ಎಚ್ಚರ ವಹಿಸಬೇಕಾದ್ದನ್ನು ಹೇಳಿ, ಕಲಿಯುವವನಿಂದಲೇ ಮಾಡಿಸಿದಾಗ ಗಂಟು ಬೀಳುತ್ತಿತ್ತು. ಕಲಿಯುವವನಿಗೆ ಬಾರದಿದ್ದರೆ ತಪ್ಪು ಕಲಿಸಿದವನದು ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು. ನಮ್ಮ ಶಾಲೆಗಳಲ್ಲಿ ಇಂದಿಗೂ ಸುಲಭವಾಗಿ ಸಲ್ಲದ ನಿಲುವು ಅದು.

ಅದೇ ಯುದ್ಧದಲ್ಲಿ ಮನೋವಿಜ್ಞಾನಿಗಳು ವಾಯುದಳ ಸೇರಿ ವಿಮಾನಚಾಲಕರ ಆಯ್ಕೆ ಮತ್ತು ತರಬೇತಿಯಲ್ಲಿ ತೊಡಗಿದರು. ಅವರಲ್ಲಿ ರಾಬರ್ಟ್ ಗಾನ್ಯೆ ಒಬ್ಬರು. ಯುದ್ಧದ ನಂತರವೂ ಸೇನಾ ಸಂಶೋಧನೆಯಲ್ಲಿದ್ದ ಅವರು 1962ರಲ್ಲಿ ಬರೆದ ಲೇಖನವೊಂದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು ಎನ್ನಬಹುದು. ಪ್ರಯೋಗಶಾಲೆಯಲ್ಲಿ ಕಂಡುಕೊಂಡ ಕಲಿಕೆಯ ಸೂತ್ರಗಳು, ಅಂದರೆ ಹೆಚ್ಚು ಅಭ್ಯಾಸ ಮಾಡಿಸು, ಸರಿ ಮಾಡಿದಾಗ ಮೆಚ್ಚುಗೆ ಕೊಡು ಎಂಬಂಥವು, ಗುರಿ ಹಿಡಿದು ಗುಂಡು ಹಾರಿಸುವುದು, ಉಪಕರಣವನ್ನು ಹಂತಹಂತವಾಗಿ ಚಾಲೂ ಮಾಡುವುದು, ಕೆಟ್ಟ ಯಂತ್ರದ ದೋಷ ಹುಡುಕುವುದು ಮುಂತಾದ ನಿಜವಾದ ಕೆಲಸ ಕಲಿಸುವಾಗ ಅಷ್ಟಾಗಿ ನೆರವಿಗೆ ಬರಲಿಲ್ಲ ಎಂದು ಅವರು ತೋರಿಸಿದರು. ನೆರವಿಗೆ ಬಂದದ್ದು ಕೆಲಸವನ್ನು ವಿಶ್ಲೇಷಿಸಿ, ಅದರೊಳಗಿನ ಸಣ್ಣ ಕೆಲಸಗಳನ್ನು ಗುರುತಿಸಿ, ಸರಿಯಾದ ಅನುಕ್ರಮದಲ್ಲಿ ಜೋಡಿಸಿದ್ದು. ಮನೋವಿಜ್ಞಾನಿಯೊಬ್ಬರು ತಮ್ಮ ಶಾಸ್ತ್ರದ ಮಿತಿಯನ್ನು ಹೀಗೆ ಬಿಚ್ಚಿ ಹೇಳಿದ್ದೇ ಹೊಸ ವೃತ್ತಿಗೆ ಜಾಗ ಮಾಡಿಕೊಟ್ಟಿತು.

ಉಳಿದ ಸಾಮಗ್ರಿ ಬೇಗ ಬೇಗ ಕೂಡಿತು. 1954ರಲ್ಲಿ ಬಿ. ಎಫ್. ಸ್ಕಿನ್ನರ್ ಬೋಧನಾ ಯಂತ್ರದ ವಿಚಾರ ಮುಂದಿಟ್ಟರು. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಗುರಿಗಳನ್ನು ವರ್ಗೀಕರಿಸಿದರು. ಗುರಿಯನ್ನು ಅಳೆಯಲು ಬರುವಂತೆ ಬರೆಯುವುದು ಹೇಗೆಂದು 1962ರಲ್ಲಿ ರಾಬರ್ಟ್ ಮೇಗರ್ ತಿಳಿಸಿದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ 1960ರಲ್ಲೇ ಆರಂಭವಾಗಿತ್ತು.

ಇವೆಲ್ಲವನ್ನೂ ಒಂದೇ ಕಾರ್ಯವಿಧಾನಕ್ಕೆ ಪೋಣಿಸುವ ಒತ್ತಡ ಬಂದದ್ದು ವಿಯೆಟ್ನಾಂ ಯುದ್ಧದಿಂದ. 1966ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಆರಂಭಿಸಿದ ಯೋಜನೆಯಡಿ, ಪ್ರವೇಶ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದಿದ್ದ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸೇನೆಗೆ ಸೇರಿದರು. ಸೇನೆಯ ಕೈಪಿಡಿಗಳನ್ನು ಓದಿ ಅರ್ಥಮಾಡಿಕೊಳ್ಳುವುದು ಅವರಲ್ಲಿ ಅನೇಕರಿಗೆ ಆಗುತ್ತಿರಲಿಲ್ಲ. 1973ರಲ್ಲಿ ಕಡ್ಡಾಯ ಸೈನ್ಯ ಭರ್ತಿ ನಿಂತುಹೋಯಿತು. ತಾವಾಗಿ ಬರುವವರನ್ನೇ ನೆಚ್ಚಿಕೊಳ್ಳಬೇಕಾದ ಸೇನೆಗೆ ಬಂದವರನ್ನು ಬೇಗ, ಕಡಿಮೆ ಖರ್ಚಿನಲ್ಲಿ ತಯಾರು ಮಾಡುವ ಅನಿವಾರ್ಯ ಎದುರಾಯಿತು. ಅದೇ ವರ್ಷ ತರಬೇತಿಗೆಂದೇ ಸೇನೆಯಲ್ಲಿ ಟ್ರಾಡಾಕ್ ಎಂಬ ಪ್ರತ್ಯೇಕ ಕಮಾಂಡ್ ಹುಟ್ಟಿತು. ಅದಕ್ಕಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರಾನ್ಸನ್ ಮತ್ತು ಜೊತೆಗಾರರು ಸಿದ್ಧಪಡಿಸಿದ ಕಾರ್ಯವಿಧಾನ 1975ರಲ್ಲಿ ಹೊರಬಂತು. ಅದರಲ್ಲಿ ಐದು ಘಟ್ಟಗಳು: ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ನಿಯಂತ್ರಣ. ಕೊನೆಯದರ ಜಾಗಕ್ಕೆ ಮುಂದೆ ಮೌಲ್ಯಮಾಪನ ಬಂತು. ಇಂದು ಕಾರ್ಪೊರೇಟ್ ತರಬೇತಿಯವರು, ಬೆಂಗಳೂರಿನ ಇ-ಲರ್ನಿಂಗ್ ಕಂಪನಿಗಳವರೂ ಸೇರಿ, ‘ಆ್ಯಡಿ’ ಎಂದು ಬಳಸುವ ಮಾದರಿಗೆ ಮೂಲ ಈ ಸೈನಿಕ ಕಾರ್ಯವಿಧಾನವೇ.

ಅರ್ಹತೆಯ ಐದು ವಿಷಯಗಳನ್ನು ಈಗ ಓದಿದರೆ ಈ ಹಾದಿಯೆಲ್ಲ ಅಲ್ಲಿ ಕಾಣುತ್ತದೆ. ಕಲಿಕೆಯ ಸಿದ್ಧಾಂತ ಮತ್ತು ಶೈಕ್ಷಣಿಕ ಮನೋವಿಜ್ಞಾನ, ಬೋಧನಾ ವಿನ್ಯಾಸದ ಪದ್ಧತಿಗಳು, ಶೈಕ್ಷಣಿಕ ಮೌಲ್ಯಮಾಪನ, ಬೋಧನಾ ಸಾಮಗ್ರಿಯ ತಯಾರಿ, ಶಿಕ್ಷಣ ಮತ್ತು ತರಬೇತಿಯಲ್ಲಿ ಕಂಪ್ಯೂಟರ್. ಮೊದಲನೆಯದು ಮನೋವಿಜ್ಞಾನಿಗಳಿಂದ ಬಂದದ್ದು, ನಡುವಿನವು ಸೇನಾ ಕಾರ್ಯವಿಧಾನದ ಘಟ್ಟಗಳನ್ನು ಹೋಲುವಂಥವು, ಕೊನೆಯದು ಕಂಪ್ಯೂಟರ್ ಇನ್ನೂ ಬೇರೆಯೇ ಒಂದು ವಿಷಯವೆನಿಸುತ್ತಿದ್ದ ಕಾಲದ ಗುರುತು. ಇದರಲ್ಲೊಂದು ವ್ಯಂಗ್ಯವೂ ಇದೆ. ತಂತಿಯ ಗಂಟು ಕಲಿಸಿದವರು, ಹಡಗುಕಟ್ಟೆಯ ಬೋಧಕರು, ಹೀಗೆ ಈ ವಿದ್ಯೆಗೆ ತಳಪಾಯ ಹಾಕಿದ ಎಷ್ಟೋ ಮಂದಿ ಈ ಪಟ್ಟಿಯ ಪ್ರಕಾರ ಅರ್ಜಿ ಹಾಕಿದ್ದರೆ ತಿರಸ್ಕೃತರಾಗುತ್ತಿದ್ದರು.

ಲೆಕ್ಕ ನಡೆಯುವುದು ಅಂಕಪಟ್ಟಿಯ ಮೇಲೆ. ಸಾಮಾನ್ಯವಾಗಿ ಒಂದು ಕೋರ್ಸಿಗೆ 3 ಕ್ರೆಡಿಟ್. ಎಂಟು ಕೋರ್ಸಾದರೆ 24. ಎಂಟೂ ಮನೋವಿಜ್ಞಾನದವೇ ಆಗಿದ್ದರೆ ಪ್ರಯೋಜನವಿಲ್ಲ. ಹೀಗಾಗಿ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಇದ್ದವರೂ ಸೋಲಬಹುದು. ಶಿಕ್ಷಣವನ್ನೇ ಪ್ರಧಾನವಾಗಿ ಓದಿ, ಐದು ವಿಷಯಗಳಲ್ಲಿ ಹೇಗಾದರೂ 24 ಕ್ರೆಡಿಟ್ ಕೂಡಿಸಿಕೊಂಡು, ಜೊತೆಗೆ ಅನುಭವವನ್ನೋ ಹೆಚ್ಚಿನ ಓದನ್ನೋ ತೋರಿಸುವ ಎರಡನೆಯ ದಾರಿಯೂ ಇದೆ. ಅನುಭವ ಎಷ್ಟೇ ಇದ್ದರೂ ಕ್ರೆಡಿಟ್ ತಪ್ಪುವುದಿಲ್ಲ. ಈ ಮೊದಲ ಬಾಗಿಲು ದಾಟಿದ ಮೇಲೆ ದರ್ಜೆಯ ಪ್ರಶ್ನೆ: ಪದವಿಗೆ ಜಿಎಸ್-5, ಸ್ನಾತಕೋತ್ತರ ಪದವಿಗೆ 9, ಪಿಎಚ್‌.ಡಿ.ಗೆ 11, ಅಲ್ಲಿಂದ ಮೇಲಕ್ಕೆ ಅನುಭವವೇ ಮಾನದಂಡ.

ಕರ್ನಾಟಕದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದವರಿಗೆ ಇನ್ನೆರಡು ಮೆಟ್ಟಿಲುಗಳಿವೆ. ಬಿ.ಎಡ್. ಅಂಕಪಟ್ಟಿಯಲ್ಲಿ ಮನೋವಿಜ್ಞಾನ, ಮೌಲ್ಯಮಾಪನ ಇದ್ದರೂ, ವಿದೇಶಿ ಪದವಿಗಳನ್ನು ಅಳೆಯುವ ಖಾಸಗಿ ಸಂಸ್ಥೆಯೊಂದರಿಂದ ಅದು ಅಮೆರಿಕದ ಪದವಿಗೆ ಸಮ ಎಂಬ ವರದಿ ತರಬೇಕು. ಎರಡನೆಯದು ಪೌರತ್ವ. ಸರ್ಕಾರಿ ಕೆಲಸ ನಿರಾಕರಿಸಲ್ಪಟ್ಟ ಚೀನೀ ಮೂಲದ ನಿವಾಸಿಗಳು ಹೂಡಿದ್ದ ಮೊಕದ್ದಮೆಯಲ್ಲಿ, ಪೌರರಲ್ಲದವರನ್ನು ಹೊರಗಿಡುವ ಸಿವಿಲ್ ಸರ್ವಿಸ್ ಕಮಿಷನ್ನಿನ ನಿಯಮವನ್ನು ಸುಪ್ರೀಂ ಕೋರ್ಟ್ 1976ರ ಜೂನ್‌ನಲ್ಲಿ ರದ್ದುಮಾಡಿತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಅದೇ ನಿರ್ಬಂಧವನ್ನು ತಮ್ಮ ಆದೇಶದ ಮೂಲಕ ಮತ್ತೆ ತಂದರು. ಅದು ಉಳಿದುಕೊಂಡಿದೆ.

2020ರಲ್ಲಿ ಹೊರಟ ಅಧ್ಯಕ್ಷೀಯ ಆದೇಶವೊಂದು ನೇಮಕಾತಿಯಲ್ಲಿ ಪದವಿಗಿಂತ ಕೌಶಲ್ಯಕ್ಕೆ ಹೆಚ್ಚು ಬೆಲೆ ಕೊಡಬೇಕೆಂದಿತು. ಆಮೇಲೆ ಹೊರಬಿದ್ದ 1750ರ ಅಧಿಸೂಚನೆಗಳಲ್ಲೂ 24 ಕ್ರೆಡಿಟ್‌ಗಳ ಷರತ್ತು ಮುಂದುವರಿಯಿತು. ಇದು ಬಿಗಿಯಾದಾಗ ಇಲಾಖೆಗಳು ಪಕ್ಕದ 1712ರ ಶ್ರೇಣಿಯಲ್ಲಿ ಜಾಹೀರಾತು ಕೊಡುವುದುಂಟು. ಅದು ತರಬೇತಿ ಮತ್ತು ಬೋಧನೆಯದು. ಆ ಕೆಲಸದಲ್ಲೂ ಒಂದಿಷ್ಟು ಪಾಠ ರಚನೆ ಬರುತ್ತದೆ. ಪದವಿ ಅಲ್ಲಿ ಕಡ್ಡಾಯವಲ್ಲ. ಕಲಿಸುವ ವಿಷಯದಲ್ಲಿ ಪಳಗಿದ ನಿವೃತ್ತ ಸೈನಿಕ ಅರ್ಜಿ ಹಾಕುವುದು ಸಾಮಾನ್ಯವಾಗಿ ಅಲ್ಲಿಗೇ.